ಲಾಭ, ಎರಡು, ಮೂರು

ಅಪ್ಪನನ್ನು ನೋಡಿಕೊಂಡು ಬರುತ್ತೇನೆಂದು ರಜೆ ಪಡೆದು ಬೊಂಬಾಯಿಯಿಂದ ಆದೋನಿಗೆ ಬಂದಿದ್ದ ಗಾದಿಲಿಂಗಪ್ಪ, ಬಂದಾಗಿನಿಂದ ನೋಡಿದ್ದೆಲ್ಲ ತನ್ನ ಹಾಳೆಗಳನ್ನೇ. ಇಂಥ ರಜೆಗೆ ಏನನ್ನಬೇಕು? ಟ್ರಂಕಿನಲ್ಲಿ ಎರಡು ಅಂಗಿ, ಒಂದು ಧೋತರ, ಮಿಕ್ಕಿದ್ದೆಲ್ಲ ಕಾಗದ. ಅದನ್ನು ಪಡಸಾಲೆಯ ತುಂಬ ಹರಡಿ, ಗಾಳಿಗೆ ಹಾರದ ಹಾಗೆ ಒಂದೊಂದರ ಮೇಲೆ ಒಂದೊಂದು ಕಲ್ಲು ಹೇರಿ, ಪೆನ್ಸಿಲಿನ ತುದಿ ಕಚ್ಚುತ್ತ ಕೂತುಬಿಡುವನು. ಹೆಂಡತಿ ಅಂಬಮ್ಮ ಊಟಕ್ಕೆ ಕರೆದರೆ ಹೂಂ ಅನ್ನುವನು, ಏಳುವವನಲ್ಲ. ಅತ್ತ ಒಳಕೋಣೆಯಲ್ಲಿ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿರುವನು, ಅವನೂ ಏಳುವವನಲ್ಲ. ಇಬ್ಬರ ನಡುವೆ ಆಕೆ ಎರಡು ತಟ್ಟೆ ಹಿಡಿದು ಓಡಾಡಬೇಕು.

ಅದು ಐವತ್ತೊಂಬತ್ತನೇ ಇಸವಿ. ಬೊಂಬಾಯಿಯ ಒಂದು ಸಂಸ್ಥೆಯಲ್ಲಿ ಲೆಕ್ಕ ಮಾಡುವ ವಿದ್ಯುತ್ ಯಂತ್ರವೊಂದನ್ನು ಕಟ್ಟಿ ನಿಲ್ಲಿಸಿದ್ದರು. ಕೋಣೆಯಷ್ಟು ದೊಡ್ಡದು, ಆದರೆ ತಿಳುವಳಿಕೆ ಮಾತ್ರ ಅಷ್ಟಕ್ಕಷ್ಟೆ. ಗಣಿತದ ಒಂದು ಸೂತ್ರ ಕೊಟ್ಟರೆ ಅದಕ್ಕೆ ತಿಳಿಯದು. ಅಲ್ಲಿಂದ ತೆಗೆ, ಇದಕ್ಕೆ ಕೂಡಿಸು, ಇಲ್ಲಿ ಇಡು ಎಂದು ಒಂದೊಂದೇ ಆಜ್ಞೆಯಾಗಿ ಬಿಡಿಸಿ ಹೇಳಬೇಕು. ಹೀಗೆ ಬಿಡಿಸುವ ಕೂಲಿಯನ್ನೂ ಯಂತ್ರದಿಂದಲೇ ಮಾಡಿಸಬೇಕೆಂದು ಗಾದಿಲಿಂಗಪ್ಪನೂ ಅವನ ಜೊತೆಗಾರನೊಬ್ಬನೂ ಪಣ ತೊಟ್ಟಿದ್ದರು. ಸೂತ್ರವನ್ನು ಓದಿ ಅರ್ಥ ಮಾಡಿಕೊಳ್ಳುವ ಮುಂದಿನ ಅರ್ಧ ಜೊತೆಗಾರನದು. ಅರ್ಥವಾದದ್ದನ್ನು ಯಂತ್ರದ ಆಜ್ಞೆಗಳಾಗಿ ಇಳಿಸುವ ಹಿಂದಿನ ಅರ್ಧ ಗಾದಿಲಿಂಗಪ್ಪನದು. ಮೂರು ವರ್ಷ ಅವನು ಅದರಲ್ಲೇ ಮುಳುಗಿದ್ದ. ಬೊಂಬಾಯಿಯಲ್ಲಿ ಒಂದು ಖೋಲಿ ಹಿಡಿದು ಹೆಂಡತಿಯನ್ನು ಕರೆಸಿಕೊಳ್ಳುವುದಕ್ಕೂ ಅವನಿಗೆ ಪುರಸತ್ತು ಆಗಿರಲಿಲ್ಲ.

ಅವನನ್ನು ಹಣ್ಣು ಮಾಡಿದ್ದು ಸ್ಥಿರಾಂಕಗಳು. ಯಂತ್ರದ ನೆನಪೆಂದರೆ ಸಾಲಾಗಿ ಇರುವ ಮನೆಗಳು, ನಾವು ಚೌಕಾಬಾರ ಆಡುವಾಗ ಗೀರುವ ಮನೆಗಳ ಹಾಗೆ. ಪ್ರತಿ ಮನೆಗೂ ಒಂದು ನಂಬರು, ಅದೇ ಅದರ ವಿಳಾಸ. ಮೊದಲಿಗೆ ಆಜ್ಞೆಗಳ ಮನೆಗಳು. ಅವು ಮುಗಿದಲ್ಲಿಂದ ಸ್ಥಿರಾಂಕಗಳ ಸಾಲು, ಅಂದರೆ ಹತ್ತು, ನೂರು, ವೃತ್ತದ ಲೆಕ್ಕಕ್ಕೆ ಬೇಕಾಗುವ ಮೂರು ಚಿಲ್ಲರೆ, ಹೀಗೆ ಎಂದೂ ಬದಲಾಗದ ಅಂಕಿಗಳು. ಹೆಸರಿಗೆ ಸ್ಥಿರ, ಒಂದು ಕಡೆ ನಿಲ್ಲುವ ಜಾತಿಯಲ್ಲ. ಮುಂದೆ ಒಂದು ಆಜ್ಞೆ ಹೆಚ್ಚಾಯಿತೋ, ಹಿಂದಿನ ಸಾಲೆಲ್ಲ ಒಂದು ಮನೆ ಸರಿಯಿತು. ಸರಿದದ್ದೇ ತಡ, ಆ ಅಂಕಿಗಳ ವಿಳಾಸ ಬರೆದಿಟ್ಟುಕೊಂಡ ಆಜ್ಞೆಗಳೆಲ್ಲ ಸುಳ್ಳಾದವು. ನೂರನ್ನು ತರಲು ಹೋದ ಯಂತ್ರ ಪಕ್ಕದ ಮನೆಯ ಹತ್ತನ್ನು ಹೊತ್ತು ತರುವುದು, ನಾಚಿಕೆಯಿಲ್ಲದೆ ಲೆಕ್ಕವನ್ನೂ ಮುಗಿಸುವುದು. ಗಾದಿಲಿಂಗಪ್ಪ ಹಾಳೆ ಹಾಳೆ ಉಜ್ಜಿ ವಿಳಾಸ ತಿದ್ದುವನು. ತಿದ್ದಿ ಮುಗಿಸುವ ಹೊತ್ತಿಗೆ ಜೊತೆಗಾರ ಇನ್ನೊಂದು ಆಜ್ಞೆ ಸೇರಿಸಿರುವನು.

ಹಿಂದಿನ ಸಲ ಯಂತ್ರ ತಪ್ಪು ಉತ್ತರ ಕಕ್ಕಿದಾಗ ಮೇಲಧಿಕಾರಿ ಬಿರುಸಾಗಿ ಮಾತಾಡಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತ್ತು. ಇನ್ನೊಂದೇ ಪಾಳಿ ಕೊಡುತ್ತೇನೆ, ಆಮೇಲೆ ಯಂತ್ರದ ಹೊತ್ತನ್ನು ಬೇರೆಯವರಿಗೆ ಹಂಚಬೇಕು, ನಿಮ್ಮ ಹುದ್ದೆಯನ್ನೂ ಮುಂದುವರಿಸಲು ಕಾರಣ ಉಳಿಯುವುದಿಲ್ಲ ಎಂದಿದ್ದರು. ಆ ಪಾಳಿ ಯಾವಾಗಲೆಂದು ತಿಳಿಸುವ ತಂತಿ ಆದೋನಿಗೇ ಬಂತು. ಶನಿವಾರ ಬೆಳಿಗ್ಗೆ ಯಂತ್ರ ನಮ್ಮದು, ಮುಂದಿನ ಅರ್ಧಕ್ಕೆ ಮತ್ತಷ್ಟು ಆಜ್ಞೆ ಸೇರಿಸಿದ್ದೇನೆ, ನಿನ್ನ ಸಾಲು ಸರಿಸಿಕೊಂಡು ಬಾ ಎಂದು ಜೊತೆಗಾರ ಬರೆದಿದ್ದ. ಗಾದಿಲಿಂಗಪ್ಪ ತಂತಿಯನ್ನು ಓದಿ ಮಡಿಚಿ, ಮತ್ತೆ ಬಿಚ್ಚಿ ಓದಿದ. ಅವನಿಗೆ ಅಳು ಬರುವಂತಾಯಿತು.

ಈ ಪೀಡೆಯನ್ನು ಒಂದೇ ಸಲಕ್ಕೆ ತೊಲಗಿಸುವ ಉಪಾಯವೊಂದು ಅವನ ತಲೆಯಲ್ಲಿತ್ತು. ಮನೆಯ ನಂಬರನ್ನೇ ಬರೆಯಬಾರದು. ಸಾಲಿನ ತಲೆಯಿಂದ ಎಷ್ಟು ದೂರ ಎಂಬುದನ್ನಷ್ಟೇ ಬರೆಯಬೇಕು. ಸಾಲು ಎಲ್ಲಿಗಾದರೂ ಸರಿಯಲಿ, ತಲೆಯ ವಿಳಾಸವೊಂದನ್ನು ಹೇಳಿದರೆ ಮಿಕ್ಕಿದ್ದನ್ನು ಯಂತ್ರವೇ ಕೂಡಿಸಿಕೊಳ್ಳುತ್ತದೆ. ಕೂಡಿಸುವ ಏರ್ಪಾಟನ್ನು ಅವನು ಮೊದಲೇ ಮಾಡಿಟ್ಟಿದ್ದ. ಮಾಡದೆ ಬಿಟ್ಟಿದ್ದು ಕತ್ತೆಯ ದುಡಿಮೆ: ಇದ್ದ ಹಾಳೆಗಳಲ್ಲೆಲ್ಲ ಹಳೆಯ ವಿಳಾಸ ಉಜ್ಜಿ ಹೊಸದನ್ನು ಬರೆಯುವುದು. ಗುರುವಾರ ಸಾಯಂಕಾಲದ ಬೊಂಬಾಯಿ ಗಾಡಿಗೆ ಹತ್ತಬೇಕು. ಒಬ್ಬನಿಗೆ ಸಾಗುವ ಕೆಲಸವಲ್ಲ.

ಮಾವನನ್ನು ಕೇಳಿ ಎಂದವಳು ಅಂಬಮ್ಮ. ಹೇಳುವಾಗ ಆಕೆಗೆ ಹಾಳೆಗಳ ಚಿಂತೆಗಿಂತ ಮಾವನ ಚಿಂತೆಯೇ ಹೆಚ್ಚಿತ್ತು.

ಆದೋನಿಯ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅವಳ ಮಾವ ಅಳತೆ ಸುಂಕಪ್ಪನೆಂದರೆ ದೂರದ ಆಸ್ಪರಿಯ ರೈತರೂ ಗುರುತು ಹಿಡಿಯುತ್ತಿದ್ದರು. ಜೋಳದ ರಾಶಿಯ ಮುಂದೆ ಮಂಡಿಯೂರಿ ಕೂತು ಸೇರಿನಲ್ಲಿ ಅಳೆದು ಅಳೆದು ಸುರಿಯುವುದು, ಸುರಿಯುತ್ತ ರಾಗವಾಗಿ ಎಣಿಸುವುದು, ಅದೇ ಅವನ ಕಸುಬು. ಎಷ್ಟು ದೊಡ್ಡ ರಾಶಿಯಿರಲಿ, ಪಕ್ಕದಲ್ಲಿ ಜಗಳವೇ ಆಗುತ್ತಿರಲಿ, ಅವನ ಎಣಿಕೆ ತಪ್ಪಿದ್ದನ್ನು ಕಂಡವರಿಲ್ಲ. ಆಮೇಲೆ ತೂಗುವ ಕಾಟಾ ಬಂತು. ಇನ್ನು ಎಲ್ಲವೂ ತೂಕದಲ್ಲೇ ಎಂದು ಸಾಹುಕಾರರು ತೀರ್ಮಾನಿಸಿದರು, ಯಾರೂ ಸುಂಕಪ್ಪನ ಮೇಲೆ ಸಿಟ್ಟಾಗಲಿಲ್ಲ, ಯಾರೂ ಅವನನ್ನು ಬಯ್ಯಲಿಲ್ಲ, ಸುಮ್ಮನೆ ಕರೆಯುವುದನ್ನು ಬಿಟ್ಟರು. ಮನೆಗೆ ಬಂದವನು ಸೇರನ್ನು ಅಟ್ಟದ ಮೇಲೆ ಬೋರಲು ಹಾಕಿದ. ಅಂದಿನಿಂದ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಹೆಂಡತಿ ಸತ್ತಾಗಲೂ ಅವನು ಹೀಗೆ ಗೋಡೆ ನೋಡಿಕೊಂಡು ಮಲಗಿರಲಿಲ್ಲ.

ಮಗ ಬಂದು ಹಾಳೆಗಳ ಕಥೆ ಹೇಳಿದಾಗ ಸುಂಕಪ್ಪ ಮೊದಲು ಈಚೆಗೆ ಹೊರಳಿದ, ಆಮೇಲೆ ಎದ್ದು ಕೂತ. ಯಂತ್ರಗಿಂತ್ರ ಅವನಿಗೆ ಬೇಕಿರಲಿಲ್ಲ. ಒಂದು ಸಾಲು ಇದೆ, ಅದರಲ್ಲಿ ಯಾವ ಅಂಕಿ ಎಷ್ಟನೆಯದೆಂದು ಎಣಿಸಿ ಹೇಳಬೇಕು, ಇಷ್ಟು ತಿಳಿದರೆ ಸಾಕಾಯಿತು. ಅಂಬಮ್ಮ ಸ್ಥಿರಾಂಕಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಳು. ಆಕೆ ಹಾಳೆ ನೋಡಿ ಆಜ್ಞೆಗೆ ಬೇಕಾದ ಅಂಕಿ ಓದುವುದು, ಮಾವ ಅದು ಸಾಲಿನಲ್ಲಿ ಎಷ್ಟನೆಯದೆಂದು ಹೇಳುವುದು, ಗಂಡ ಬರೆದುಕೊಳ್ಳುವುದು. ಸಾಲಿನ ತಲೆಯಲ್ಲಿರುವುದಕ್ಕೆ ಸೊನ್ನೆ ಅನ್ನಬೇಕು, ತಲೆಯಿಂದ ಅದು ಎಷ್ಟೂ ದೂರವಿಲ್ಲವಲ್ಲ ಎಂದು ಗಾದಿಲಿಂಗಪ್ಪ ತಿಳಿಸಿ ಹೇಳಿದ. ಅಲ್ಲಿ ಮುದುಕ ಅಡ್ಡ ನಿಂತ.

"ರಾಶಿ ಮುಂದ ಕುಂತು ಸೊನ್ನಿ ಅನಬಾರದೋ. ಇಲ್ಲ ಅಂತ ಸುರು ಮಾಡಿದ್ರ ರಾಶಿ ಉಳಿಯಂಗಿಲ್ಲ. ನಾ ಲಾಭ ಅಂತೀನಿ, ನೀ ಏನರ ಬರಕೋ."

ಗಂಜಿನಲ್ಲಿ ಹಾಗೇ ನಡೆಯುತ್ತಿತ್ತು. ಮೊದಲ ಸೇರನ್ನು ಯಾವ ಅಳತೆಗಾರನೂ ಒಂದು ಎಂದು ಎಣಿಸುವುದಿಲ್ಲ, ಲಾಭ ಎನ್ನುತ್ತಾನೆ. ರಾಶಿಯ ಬಾಯಿಗೆ ಮೊದಲು ಬೀಳುವ ಮಾತು ಶುಭವಾಗಿರಲಿ ಎಂದು. ಗಾದಿಲಿಂಗಪ್ಪನಿಗೆ ಅಪ್ಪನ ಜೊತೆ ವಾದ ಮಾಡುವ ವ್ಯವಧಾನವಿರಲಿಲ್ಲ. ನೀ ಲಾಭ ಅನ್ನು, ನಾ ಸೊನ್ನೆ ಬರೆದುಕೊಳ್ಳುತ್ತೇನೆ ಎಂದು ಒಪ್ಪಿಬಿಟ್ಟ. ಹಾಳಾದ ಒಪ್ಪಂದ ಅದು.

ಕೆಲಸ ಶುರುವಾದದ್ದೇ ಮನೆಗೆ ಜೀವ ಬಂತು. ಅಂಬಮ್ಮ ಅಂಕಿ ಓದಿದರೆ ಸುಂಕಪ್ಪ ಚೀಟಿಗಳ ಮೇಲೆ ಕೈಯಾಡಿಸಿ ಲಾಭ ಎನ್ನುವನು, ಎರಡು ಎನ್ನುವನು, ಹದಿನೆಂಟು ಎನ್ನುವನು. ಸ್ವಲ್ಪ ಹೊತ್ತಿಗೆ ಸಾಲೆಲ್ಲ ಬಾಯಿಪಾಠವಾಗಿ, ಕಣ್ಣು ಮುಚ್ಚಿಕೊಂಡೇ ಹಾಡತೊಡಗಿದ. ಹಳೆಯ ರಾಗ ತಾನಾಗಿ ಬಂತು. ಓಣಿಯಲ್ಲಿ ಹೋಗುವವರು ಬಾಗಿಲಲ್ಲಿ ನಿಂತು, ಸುಂಕಪ್ಪ ಮತ್ತೆ ಅಳತೆಗೆ ಕೂತನೇ ಎಂದು ಕೇಳಿದರೆ, ಈ ಸಲ ಬೊಂಬಾಯಿ ರಾಶಿ ಎಂದು ಗತ್ತಿನಿಂದ ಹೇಳುವನು. ಮಧ್ಯಾಹ್ನ ರೊಟ್ಟಿ ಕೇಳಿ ಹಾಕಿಸಿಕೊಂಡ. ಅಂಬಮ್ಮ ಗಂಡನತ್ತ ತಿರುಗಿ ಕಣ್ಣಲ್ಲೇ ನಕ್ಕಳು. ಗಾದಿಲಿಂಗಪ್ಪ ನಗುವ ಸ್ಥಿತಿಯಲ್ಲಿರಲಿಲ್ಲ. ಕೈ ಬರೆಯುತ್ತಿತ್ತು, ಮನಸ್ಸು ಶನಿವಾರದಲ್ಲಿತ್ತು. ಲಾಭ, ಎರಡು, ಮೂರು ಎಂಬುದನ್ನು ಅವನು ತೊಟ್ಟಿಲಲ್ಲಿ ಮಲಗಿದಾಗಿನಿಂದ ಕೇಳಿದ್ದವನು. ಬೇರೆ ಯಾರಾದರೂ ಆಗಿದ್ದರೆ ಸೊನ್ನೆಯ ಮೇಲೆ ಎರಡು ಹೇಗೆ ಬಂತೆಂದು ತಡೆದು ಕೇಳುತ್ತಿದ್ದರು. ಅವನ ಕಿವಿಗೆ ಅದರಲ್ಲಿ ಯಾವ ಕೊಂಕೂ ಕೇಳಿಸಲಿಲ್ಲ.

ಗುರುವಾರ ಬೆಳಗಿನ ಹೊತ್ತಿಗೆ ಹಾಳೆಗಳು ಮುಗಿದವು. ಗಾದಿಲಿಂಗಪ್ಪ ಸ್ನಾನ ಮಾಡಿ ಬಂದ. ಮೈ ಹಗುರಾಗಿತ್ತು, ಬೊಂಬಾಯಿಯಲ್ಲಿ ಒಂದು ಖೋಲಿ ನೋಡಬೇಕು, ಇವರಿಬ್ಬರನ್ನೂ ಕರೆಸಿಕೊಳ್ಳಬೇಕು ಎಂಬಲ್ಲಿಯವರೆಗೆ ಮನಸ್ಸು ಓಡಿತ್ತು. ಅಂಬಮ್ಮ ಹಾಳೆಗಳನ್ನು ಜೋಡಿಸಿ ಕಟ್ಟುತ್ತ ಕೂತಿದ್ದಳು. ನಾಲ್ಕನೇ ಇಯತ್ತೆ ಓದಿದವಳು, ಅಂಕಿಗಳ ಮೇಲೆ ಸುಮ್ಮನೆ ಕಣ್ಣು ಹರಿಸುತ್ತಿದ್ದಳು.

"ಏನ್ರೀ, ಸೊನ್ನಿ ಐತಿ, ಎರಡು ಐತಿ, ಮೂರು ಐತಿ. ಒಂದು ಮಾತ್ರ ಯಾವ ಹಾಳಿಯಾಗೂ ಇಲ್ಲಲ್ಲ?"

ಗಾದಿಲಿಂಗಪ್ಪ ಹಾಳೆಗಳನ್ನು ಅವಳ ಕೈಯಿಂದ ಕಿತ್ತುಕೊಂಡ. ಒಂದು ಕಟ್ಟು ಬಿಚ್ಚಿದ, ಇನ್ನೊಂದು ಬಿಚ್ಚಿದ. ಎಲ್ಲೂ ಒಂದು ಇರಲಿಲ್ಲ. ಸಾಲಿನ ತಲೆಯದಕ್ಕೆ ಸೊನ್ನೆ ಅಂದ ಮೇಲೆ ಅದರ ಪಕ್ಕದ್ದು ಒಂದಾಗಬೇಕು. ಅಪ್ಪ ಲಾಭದ ಮೇಲೆ ಎರಡು ಎಂದಿದ್ದ, ಇವನು ಎರಡು ಎಂದೇ ಬರೆದಿದ್ದ. ತಲೆಯದೊಂದನ್ನು ಬಿಟ್ಟರೆ ಪ್ರತಿ ವಿಳಾಸವೂ ಒಂದೊಂದು ಮನೆ ಮುಂದಕ್ಕೆ ಹೋಗಿ ಕೂತಿತ್ತು. ಶನಿವಾರ ಯಂತ್ರ ಪ್ರತಿ ಸಲವೂ ಪಕ್ಕದ ಮನೆಯ ಬಾಗಿಲು ಬಡಿಯುವುದು. ಸಾಯಂಕಾಲದ ಗಾಡಿಯೊಳಗೆ ಎಲ್ಲವನ್ನೂ ಮತ್ತೆ ತಿದ್ದುವುದು ಆಗದ ಮಾತು. ಮೂರು ವರ್ಷದ ದುಡಿಮೆ, ಕೊನೆಯ ಪಾಳಿ, ಹುದ್ದೆ, ಎಲ್ಲ ಮುಗಿಯಿತೆಂದು ಅವನು ಅಲ್ಲೇ ಕುಸಿದು ಕೂತ.

ಅಪ್ಪ ಏನಾಯಿತೆಂದು ಕೇಳುತ್ತ ಬಂದ. ಇವನು ಹೇಳಿದ. ಸುಂಕಪ್ಪ ಚೀಟಿಗಳ ಸಾಲನ್ನು ನೋಡಿದ, ಮಗನನ್ನು ನೋಡಿದ.

"ಲಾಭದ ಮ್ಯಾಲೆ ಎರಡೇ ಅಲ್ಲೇನೋ ಬರೋದು?"

ಅದು ಮೆಲ್ಲಗೆ ಕೇಳಿದ ಮಾತು. ಅದಕ್ಕೇ ಮಗನಿಗೆ ತಡೆಯಲಾರದ ಸಿಟ್ಟು ಬಂತು. ತಪ್ಪು ಯಾರದು? ಸೊನ್ನೆಗೆ ಲಾಭ ಒಪ್ಪಿಕೊಂಡವನು ತಾನು, ಬರೆದ ಕೈ ತನ್ನದು. ಅಷ್ಟು ತಿಳಿಯದವನೇನಲ್ಲ. ಆದರೆ ಮುಳುಗುವವನಿಗೆ ನ್ಯಾಯ ಎಲ್ಲಿ ಹೊಳೆಯುತ್ತದೆ?

"ನಿನ್ನ ಲಾಭ ನನ್ನ ಬಾಯಿಗೆ ಮಣ್ಣು ಹಾಕ್ತಪ್ಪಾ. ಗಂಜಿನಾಗ ಕಾಟಾ ತಂದೋರು ಸುಳ್ಳಲ್ಲ."

ಅಂಬಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಮಗ ಚಪ್ಪಲಿ ಮೆಟ್ಟಿ ಹೊರಗೆ ಹೋದ. ನನ್ನಿಂದಾಗಲಿಲ್ಲ, ಪಾಳಿಯನ್ನು ಬೇರೆಯವರಿಗೆ ಕೊಟ್ಟುಬಿಡಿ ಎಂದು ಬೊಂಬಾಯಿಗೆ ತಂತಿ ಕೊಡಲು ಹೊರಟಿದ್ದ. ಹೋಗಿ ಸೋಲುವುದಕ್ಕಿಂತ ಹೋಗದೆ ಸೋಲುವುದು ವಾಸಿ ಎನ್ನಿಸಿತ್ತು ಅವನಿಗೆ.

ತಂತಿ ಆಫೀಸಿನ ಜಗಲಿಯಲ್ಲಿ ಜನ ಕಾದಿದ್ದರು. ಕಿಟಕಿಯ ಹಿಂದಿನ ಗುಮಾಸ್ತ ತೆಲುಗಿನಲ್ಲಿ ಒಬ್ಬೊಬ್ಬರನ್ನೇ ಗದರಿಕೊಂಡು ತಂತಿ ತೆಗೆದುಕೊಳ್ಳುತ್ತಿದ್ದ. ಗಾದಿಲಿಂಗಪ್ಪ ಬಿಸಿಲು ನೆತ್ತಿಗೇರುವವರೆಗೆ ಗೋಡೆಗೆ ಒರಗಿ ನಿಂತ. ಎರಡು ಸಾಲಿನ ತಂತಿ ಬರೆಯುವುದಕ್ಕೂ ಕೈ ಏಳಲಿಲ್ಲ. ತಾನು ಅಪ್ಪನಿಗೆ ಅಂದ ಮಾತೇ ಕಿವಿಯಲ್ಲಿ ತಿರುತಿರುಗಿ ಕೇಳುತ್ತಿತ್ತು.

ಬೆಂಚಿನ ಮೇಲೆ ಹತ್ತಿ ವ್ಯಾಪಾರದ ನಾಲ್ಕೈದು ಮಂದಿ ಕೂತಿದ್ದರು. ತುದಿಯಲ್ಲಿದ್ದ ಮುದುಕನ ಪಕ್ಕದವನು ಬೀಡಿ ತರಲು ಎದ್ದ. ಏಳುವಾಗ ತನ್ನ ಜಾಗದ ಮೇಲೆ ಟವಲು ಹಾಕಿ ಹೋದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದ. ಟವಲು ಕಂಡು ಅದನ್ನು ಬಿಟ್ಟು ಆಚೆ ಕೂತ. ಅವನಾಚೆಗಿನವರು ಒಬ್ಬೊಬ್ಬರೂ ಅಷ್ಟಷ್ಟು ಸರಿದರು. ಎಲ್ಲರೂ ಆರಾಮಾಗಿ ಕೂತಿದ್ದರು. ಟವಲಿನ ಜಾಗದಲ್ಲಿ ಮಾತ್ರ ಯಾರೂ ಇರಲಿಲ್ಲ.

ಗಾದಿಲಿಂಗಪ್ಪ ಅದನ್ನೇ ನೋಡಿದ. ಸ್ಥಿರಾಂಕಗಳ ಸಾಲಿನಲ್ಲಿ ತಲೆಯದು ತಲೆಯಲ್ಲೇ ಇರಲಿ. ಅದರ ಪಕ್ಕದ ಮನೆಯ ಮೇಲೆ ಒಂದು ಟವಲು ಹಾಕಿಬಿಟ್ಟರೆ? ಒಂದನೇ ಮನೆಯನ್ನು ಖಾಲಿ ಬಿಟ್ಟರೆ? ಆಗ ಎರಡನೆಯ ಅಂಕಿ ಎರಡನೇ ಮನೆಗೆ ಬರುತ್ತದೆ, ಮೂರನೆಯದು ಮೂರಕ್ಕೆ, ಎಲ್ಲವೂ ಅಪ್ಪ ಹೇಳಿದಲ್ಲಿಗೆ ಬಂದು ಕೂತುಕೊಳ್ಳುತ್ತವೆ. ಹಾಳೆಗಳನ್ನು ಮುಟ್ಟುವ ಕೆಲಸವೇ ಇಲ್ಲ. ಸಾಲನ್ನೇ ಅಪ್ಪನ ಎಣಿಕೆಗೆ ಹೊಂದಿಸಿದರಾಯಿತು. ಯಂತ್ರದ ನೆನಪಿನ ಕೊನೆಯಲ್ಲಿ ಕೆಲವು ಮನೆ ಖಾಲಿ ಉಳಿದಿದ್ದವು, ಇದಕ್ಕೆ ಬೇಕಾದದ್ದು ಒಂದೇ. ಅಪ್ಪನ ಎಣಿಕೆ ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾಗಿದ್ದರೆ ಸಾಕು. ಅಳತೆ ಸುಂಕಪ್ಪನ ಎಣಿಕೆ ಸಮನಾಗಿಲ್ಲದೆ ಇದ್ದೀತೇ! ತಂತಿ ಗಿಂತಿ ಅಲ್ಲೇ ಬಿಟ್ಟು ಅವನು ಮನೆಯ ಕಡೆ ಓಡಿದ. ಕಣ್ಣು ಮಂಜಾಗಿತ್ತು, ನಡುಬೀದಿಯಲ್ಲಿ ಹತ್ತಿ ಬಂಡಿಯೊಂದಕ್ಕೆ ಢಿಕ್ಕಿ ಹೊಡೆಯುವುದರಲ್ಲಿದ್ದ. ಅಪ್ಪನ ಕಾಲು ಹಿಡಿಯಬೇಕು, ನಿನ್ನ ಲಾಭಕ್ಕೆ ಯಂತ್ರದಲ್ಲಿ ಒಂದು ಮನೆ ಬಿಡಿಸಿದ್ದೇನೆ ಎನ್ನಬೇಕು, ಅಷ್ಟೇ ತಲೆಯಲ್ಲಿತ್ತು.

ಓಣಿ ತಿರುಗುವಾಗಲೇ ಅಪ್ಪನ ದನಿ ಕೇಳಿಸಿತು. ರಾಗವಿರಲಿಲ್ಲ ಅದರಲ್ಲಿ.

"ಸೊನ್ನಿ."

ಗಾದಿಲಿಂಗಪ್ಪ ಬಾಗಿಲಲ್ಲಿ ನಿಂತ. ಅಪ್ಪ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತಿದ್ದ. ಕೈಯಲ್ಲಿ ಮಗನ ರಬ್ಬರು. ಅಂಬಮ್ಮ ಪಕ್ಕದಲ್ಲಿ ಕೂತು ಅಂಕಿ ಓದುತ್ತಿದ್ದಳು, ಆಕೆಯ ಕೆನ್ನೆ ಒದ್ದೆಯಾಗಿತ್ತು. ಸುಂಕಪ್ಪ ಸಾಲಿನ ತಲೆಯ ಚೀಟಿ ಮುಟ್ಟಿ ಸೊನ್ನೆ ಎನ್ನುವನು, ಎಂದ ಕೂಡಲೇ ತಪ್ಪಾಯಿತೆಂದು ದೇವರ ಮುಂದೆ ಮಾಡುವ ಹಾಗೆ ಎರಡೂ ಕೆನ್ನೆ ತಟ್ಟಿಕೊಳ್ಳುವನು. ಆಮೇಲೆ ಒಂದು ಎನ್ನುವನು, ಎರಡು ಎನ್ನುವನು, ಹಾಳೆಯ ಮೇಲಿನ ಹಳೆಯ ವಿಳಾಸವನ್ನು ಉಜ್ಜುವನು, ದಪ್ಪ ಬೆರಳುಗಳಲ್ಲಿ ಪೆನ್ಸಿಲು ಹಿಡಿದು ಅಲ್ಲಿ ಹೊಸದನ್ನು ಬರೆಯುವನು. ಜೀವಮಾನವೆಲ್ಲ ರಾಶಿಯ ಮುಂದೆ ಬಾರದಿದ್ದ ಮಾತು ಅವನ ಬಾಯಿಂದ ಮತ್ತೆ ಮತ್ತೆ ಬರುತ್ತಿತ್ತು.

ಮಗನನ್ನು ಕಂಡು ಅವನು ಎದ್ದು ನಿಲ್ಲಲು ಹೋದ. ತಪ್ಪು ಮಾಡಿದ ಆಳು ಧಣಿಯ ಮುಂದೆ ಏಳುವ ಹಾಗೆ.

"ಇಲ್ಲೀತನಕ ಬಂದೀನಿ ತಮ್ಮಾ. ಇದರ ಹಿಂದಿನವೆಲ್ಲ ಈಗ ಖರೇ ಅದಾವ. ಗಾಡಿ ಬರೋದರಾಗ ಮುಗಸ್ತೀನಿ."

ಅರ್ಧ ಹಾಳೆಗಳು ತಿದ್ದಿ ಆಗಿದ್ದವು. ಗಾದಿಲಿಂಗಪ್ಪ ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದ. ಈಗ ಅರ್ಧ ಹಾಳೆಗಳು ಎರಡನೆಯ ಅಂಕಿ ಒಂದನೇ ಮನೆಯಲ್ಲಿದೆ ಎನ್ನುತ್ತವೆ, ಇನ್ನರ್ಧ ಎರಡನೇ ಮನೆಯಲ್ಲಿದೆ ಎನ್ನುತ್ತವೆ. ಮನೆ ಖಾಲಿ ಬಿಟ್ಟರೆ ಈ ಅರ್ಧ ಕೆಟ್ಟಿತು, ಬಿಡದಿದ್ದರೆ ಆ ಅರ್ಧ. ಅಪ್ಪ ತಿದ್ದಿದ್ದನ್ನು ಮತ್ತೆ ಉಜ್ಜಿ ಮೊದಲಿನಂತೆ ಮಾಡೋಣವೆಂದರೆ ಕಾಗದ ಅಲ್ಲಲ್ಲಿ ಸವೆದು ಬೆಳಕು ಕಾಣುತ್ತಿತ್ತು, ಇನ್ನೊಮ್ಮೆ ರಬ್ಬರು ತಗುಲಿದರೆ ಹರಿದೇ ಹೋಗುವುದು. ಅಪ್ಪ ಸುಮ್ಮನೆ ಮಲಗಿದ್ದಿದ್ದರೆ ಮಗನ ಕೆಲಸ ಉಳಿಯುತ್ತಿತ್ತು. ಮಗನಿಗಾಗಿ ಮುದುಕ ತನ್ನ ಬಾಯನ್ನೇ ಮೈಲಿಗೆ ಮಾಡಿಕೊಂಡು, ಇದ್ದೊಂದು ದಾರಿಯನ್ನೂ ಮುಚ್ಚಿಬಿಟ್ಟಿದ್ದ.

ಟವಲಿನ ಮಾತು ಗಾದಿಲಿಂಗಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅವನು ಹೇಳಲಿಲ್ಲ. ಆ ಹೊತ್ತು ಹೇಳಲಿಲ್ಲ, ಮುಂದೆ ಎಂದೂ ಹೇಳಲಿಲ್ಲ, ಅಂಬಮ್ಮನಿಗೂ ಹೇಳಲಿಲ್ಲ. ಒಂದು ಸಲ ಅಪ್ಪನ ಎಣಿಕೆಗೆ ಮಣ್ಣು ಹಾಕಿದ್ದಾಗಿತ್ತು, ತಿದ್ದಿದ್ದಕ್ಕೂ ಹಾಕುವ ಎದೆ ಅವನಿಗಿರಲಿಲ್ಲ. ಅಂಗಿಯ ತೋಳು ಮಡಿಚಿ ಅಪ್ಪನ ಎದುರು ಕೂತ. ಉಳಿದ ಅರ್ಧದ ಮೊದಲ ಹಾಳೆಯನ್ನು ತನ್ನೆಡೆಗೆ ಎಳೆದುಕೊಂಡ.

"ಹೂಂ, ಹೇಳಪ್ಪಾ."

ಮೂವರೂ ಹೊರಗಿನ ಬಿಸಿಲಿನ ಕಡೆ ಒಂದು ಕಣ್ಣು, ಹಾಳೆಯ ಕಡೆ ಒಂದು ಕಣ್ಣು ಇಟ್ಟುಕೊಂಡು ದುಡಿದರು. ಅಂಬಮ್ಮನ ಗಂಟಲು ಕಟ್ಟಿತು, ನೀರು ಕುಡಿಯಲು ಏಳಲಿಲ್ಲ. ಗಾದಿಲಿಂಗಪ್ಪ ಉಜ್ಜಿ ಬರೆದ, ಉಜ್ಜಿ ಬರೆದ. ನೆರಳು ಅಂಗಳ ದಾಟಿ ಎದುರಿನ ಗೋಡೆ ಏರಿದಾಗ ಟ್ರಂಕಿಗೆ ಸಿಕ್ಕಿದ್ದನ್ನು ತುರುಕಿ, ಮುಗಿದವನ್ನು ಕಟ್ಟಿ, ಮುಗಿಯದವನ್ನು ಕೈಯಲ್ಲೇ ಹಿಡಿದು ಸ್ಟೇಷನ್ನಿಗೆ ನಡೆದರು. ದಾರಿಯಲ್ಲೂ ಸುಂಕಪ್ಪ ಅಂಕಿ ಹೇಳುತ್ತಲೇ ಇದ್ದ. ಒಮ್ಮೊಮ್ಮೆ ಸೊನ್ನೆ ಬರುವುದು, ಅವನು ನಿಂತು ಕೆನ್ನೆ ತಟ್ಟಿಕೊಂಡು ಮತ್ತೆ ಹೆಜ್ಜೆ ಹಾಕುವನು. ಗಂಜಿನ ಮುಂದೆ ಹಾಯುವಾಗ ಯಾರೋ ಹಳೆಯ ಪರಿಚಯದವರು, ಏನು ಸುಂಕಪ್ಪಾ, ಲಾಭ ಬಿಟ್ಟೆಯಾ ಎಂದು ನಕ್ಕರು. ಮುದುಕ ತಲೆಯೆತ್ತಲಿಲ್ಲ. ಗಾದಿಲಿಂಗಪ್ಪನಿಗೆ ಅವರ ಕಪಾಳಕ್ಕೆ ಹೊಡೆಯಬೇಕೆನ್ನಿಸಿತು, ಹೊಡೆಸಿಕೊಳ್ಳಬೇಕಾದವನು ತಾನೇ ಎಂದು ಕೂಡಲೇ ಹೊಳೆಯಿತು.

ಕೊನೆಯ ಹಾಳೆ ಮುಗಿದದ್ದು ಪ್ಲಾಟ್‌ಫಾರಮಿನ ಬೆಂಚಿನ ಮೇಲೆ, ಗಾಳಿಗೆ ಹಾರದಂತೆ ಅಂಬಮ್ಮ ಸೆರಗು ಅಡ್ಡ ಹಿಡಿದು ನಿಂತಿದ್ದಾಗ. ಗಾಡಿ ಆಗಲೇ ಬಂದು ಉಸಿರು ಬಿಡುತ್ತಿತ್ತು.

ಶನಿವಾರ ಬೆಳಿಗ್ಗೆ ಯಂತ್ರ ಆ ಹಾಳೆಗಳನ್ನು ಒಪ್ಪಿತು, ಕೊಟ್ಟ ಸೂತ್ರಕ್ಕೆ ಸರಿಯಾದ ಉತ್ತರ ಕೊಟ್ಟಿತು, ಆಮೇಲೆ ಜೊತೆಗಾರ ಆಜ್ಞೆ ಸೇರಿಸಿದಾಗಲೆಲ್ಲ ಸ್ಥಿರಾಂಕಗಳ ಸಾಲು ತಾನಾಗಿ ಸರಿದು ಕೂತಿತು. ಅದನ್ನು ಇಲ್ಲೇ ಹೇಳಿಬಿಡುವುದು ವಾಸಿ, ಕೇಳುವವರ ಜೀವ ಯಾಕೆ ಹಿಂಡಬೇಕು. ಆದರೆ ಆದೋನಿ ಸ್ಟೇಷನ್ನಿನಲ್ಲಿ ನಿಂತ ಆ ಮೂವರಿಗೆ ಅದೇನೂ ಗೊತ್ತಿರಲಿಲ್ಲ.

ಗಾದಿಲಿಂಗಪ್ಪ ನೂಕುನುಗ್ಗಲಲ್ಲಿ ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದ. ಟ್ರಂಕು ಒಳಗೆ ಬಂತು. ಹಾಳೆಗಳ ಮೂರು ಕಟ್ಟುಗಳು ಅಪ್ಪನ ತೋಳಿನಲ್ಲಿದ್ದವು. ಅವನು ಮೊದಲ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಗೆ ಎತ್ತಿದ. ಎತ್ತುವಾಗ, ಯಾರೂ ಹೇಳದೆ, ತಾನಾಗಿ, ಅಂದ.

"ಸೊನ್ನಿ."

ಗಾದಿಲಿಂಗಪ್ಪ ಕಟ್ಟನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಕಿಟಕಿಯ ಸರಳಿನ ನಡುವಿನಿಂದ ಅದನ್ನು ತಿರುಗಿ ಅಪ್ಪನ ಕೈಗೇ ದೂಡಿದ.

"ಇದು ಮಿಶಿನ್ನಿನ ರಾಶಿ ಅಲ್ಲಪ್ಪಾ, ನಮ್ಮನಿ ರಾಶಿ. ಲಾಭ ಅಂದು ಕೊಡು."

ಸುಂಕಪ್ಪ ಹಿಂಜರಿದ.

"ಮತ್ತ ತಪ್ಪಾದೀತೋ."

"ಆಗಲಿ."

ಗಾರ್ಡು ಸೀಟಿ ಊದಿದ. ಅಂಬಮ್ಮ ಮಾವನ ಬೆನ್ನ ಮೇಲೆ ಕೈಯಿಟ್ಟಳು. ಸುಂಕಪ್ಪ ಕಟ್ಟನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡು ಕಿಟಕಿಗೆ ಎತ್ತಿದ.

"ಲಾಭ."

ಮಗ ತೆಗೆದುಕೊಂಡ. ಗಾಡಿ ಜಗ್ಗಿತು. ಎರಡು ಎಂದು ಮುದುಕ ಎರಡನೆಯದನ್ನು ಕೊಟ್ಟ, ದನಿ ಒಂದಿಷ್ಟು ಗಟ್ಟಿಯಾಗಿತ್ತು. ಮೂರನೆಯದನ್ನು ಕೊಡಲು ಅವನು ಗಾಡಿಯ ಜೊತೆ ನಡೆಯಬೇಕಾಯಿತು. ನಡೆಯುತ್ತಲೇ, ಗಂಜಿನಲ್ಲಿ ಹಾಡುತ್ತಿದ್ದ ರಾಗದಲ್ಲಿ, ಮೂರು ಎಂದ.